ಮೂರನೆಯ ಮೊಟ್ಟೆ

ಸಾವಿಗೆ ಬಂದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಗಂಟೆ ಒತ್ತಿದ. ಅತ್ತೆ ಎಂದಿನಂತೆ ಒಲೆ ಹಚ್ಚಿದರು. ನಾನು ತಲೆ ಬಾಚಿಕೊಂಡು ಬಂದು ಕುಳಿತಾಗ ತಟ್ಟೆಯಲ್ಲಿ ಮೂರು ಬೆಂದ ಮೊಟ್ಟೆಗಳಿದ್ದವು.

"ಕೈ ರೂಢಿ ನೋಡು," ಅಂದರು ಅತ್ತೆ. "ನಿಂಗೊಂದು, ನಂಗೊಂದು, ಅವನ ಜೇಬಿಗೊಂದು. ದಾರೀಲಿ ತಿಂತೀನಮ್ಮಾ ಅಂತಿದ್ದ."

ನನ್ನ ಗಂಡ ಅದನ್ನು ತಿನ್ನುತ್ತಿರಲಿಲ್ಲ. ಬೋನಿಗೆ ಇಡುತ್ತಿದ್ದ. ಅದು ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಬೋನು ಇನ್ನೂ ಪಂಪ್‌ಹೌಸಿನ ಹಿಂದೆಯೇ ಇದೆ ಎಂಬುದು ಆಗ ನೆನಪಾಯಿತು.

ನಾನು ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡುತ್ತೇನೆ. ಯಾವ ಕಾಡುಪ್ರಾಣಿ ಎಲ್ಲಿ, ಯಾವ ತಿಂಗಳಲ್ಲಿ ಕಂಡಿತು ಎಂದು ಜನ ಹೇಳಿಕಳಿಸುತ್ತಾರೆ. ಅದರಲ್ಲಿ ನಂಬುವಂಥದ್ದನ್ನು ಆರಿಸಿ ಗೋಡೆಯ ನಕ್ಷೆಗೆ ಪಿನ್ನು ಚುಚ್ಚುವುದು ನನ್ನ ಕೆಲಸ. ವೀಸಲ್‌ನ ಪಿನ್ನುಗಳೆಲ್ಲ ಬೆಟ್ಟದ ಮೇಲುಭಾಗದಲ್ಲೇ ಇವೆ, ಎಲ್ಲವೂ ಚಳಿಗಾಲದವು. ವೀಸಲ್ ಮುಂಗುಸಿಗಿಂತ ಚಿಕ್ಕದು, ಹೊಟ್ಟೆ ಹಳದಿ, ಎರಡು ಬೆರಳಗಲದ ಸಂದಿಯಲ್ಲೂ ನುಸುಳುವಷ್ಟು ಸಪೂರ. ಕಂಡವರಿಗೂ ಕಂಡದ್ದು ಅದೇ ಎಂಬ ಭರವಸೆ ಇರುವುದಿಲ್ಲ.

ಅವನು ನೀರು ಸರಬರಾಜಿನ ಎಂಜಿನಿಯರ್. ಈ ಬೇಸಿಗೆಯಲ್ಲಿ, ಊರಿನ ತಗ್ಗಿನಲ್ಲಿರುವ ಪಂಪ್‌ಹೌಸಿನ ಹಿಂದೆ ವೀಸಲ್ ನೋಡಿದೆ ಎಂದು ಬಂದು ಹೇಳಿದ. ಮುಂಗುಸಿ ಇರಬೇಕು ಅಂದೆ.

"ಹಳದಿ ಹೊಟ್ಟೆ ಕಣೇ."

"ಆ ಜಾಗದಲ್ಲಿ ಇರಲ್ಲ. ಈ ತಿಂಗಳಲ್ಲಂತೂ ಇರೋದೇ ಇಲ್ಲ."

"ಪಾಪ, ಅದಕ್ಕೆ ನಿನ್ನ ನಕ್ಷೆ ಓದೋಕೆ ಬರಲ್ಲ."

ನಾನು ನಗಲಿಲ್ಲ. ಕಂಡೆ ಅಂದರೆ ಸಾಲದು, ತೋರಿಸು ಅಂದೆ. ಎಲ್ಲರಿಗೂ ಹೇಳುವ ಮಾತನ್ನೇ ಅವನಿಗೂ ಹೇಳಿದ್ದೆ, ಅಷ್ಟೇ. ಮಾರನೆಯ ದಿನವೇ ಬೀದಿ ಕೊನೆಯ ಬೇಕರಿಯಿಂದ ಇಲಿ ಬೋನು ಎರವಲು ತಂದ. ದಿನಾ ಬೆಳಿಗ್ಗೆ ಹೋಗಿ ನೋಡಿ, ಹಳೆಯ ಮೊಟ್ಟೆ ತೆಗೆದು ಹೊಸದು ಇಡುತ್ತಿದ್ದ. ಲಾರಿ ಗುದ್ದಿದ ದಿನವೂ ಇಟ್ಟೇ ಹೋಗಿದ್ದ.

ಅತ್ತೆಗೆ ಏನೂ ಹೇಳದೆ ಎದ್ದು, ಕೆಲಸದ ಚೀಲ ಹೆಗಲಿಗೇರಿಸಿ ಬಸ್ಸು ಹಿಡಿದೆ. ಇಡೀ ದಾರಿ ನಾನು ಬೇಡಿಕೊಂಡದ್ದು ಒಂದೇ: ಬೋನು ಖಾಲಿ ಇರಲಿ. ಅವನ ಮಾತು ಸುಳ್ಳಾದರೂ ಚಿಂತೆಯಿಲ್ಲ, ಖಾಲಿ ಇರಲಿ.

ಪಂಪ್‌ಹೌಸಿನ ಹಿಂದೆ, ದಪ್ಪ ಪೈಪಿನ ನೆರಳಿನಲ್ಲಿ ಬೋನಿತ್ತು. ಬಾಗಿಲು ಬಿದ್ದಿತ್ತು. ಮೊಟ್ಟೆಯ ಸಿಪ್ಪೆಯೂ ಉಳಿದಿರಲಿಲ್ಲ. ಒಳಗಿನ ಹಲಗೆಯನ್ನು ಕೆರೆದು ಕೆರೆದು ಬಿಳಿ ಮಾಡಿತ್ತು. ಪ್ರಾಣಿ ಮೂಲೆಯಲ್ಲಿ ಸುರುಳಿಯಾಗಿ ಸತ್ತು ಬಿದ್ದಿತ್ತು, ಹಗ್ಗದ ತುಂಡಿನ ಹಾಗೆ. ಊರಿಗೆಲ್ಲ ನೀರು ಹೋಗುವ ಪೈಪು ಅದರ ಪಕ್ಕದಲ್ಲೇ ಗುಂಯ್ ಎನ್ನುತ್ತಿತ್ತು.

ಹೊಟ್ಟೆ ಹಳದಿ.

ಸುತ್ತ ಯಾರೂ ಇರಲಿಲ್ಲ. ಪೊದೆಗೆ ಎಸೆದು ಬರಬಹುದಿತ್ತು. ಎಸೆದರೆ ನಾನು ಮರೆತದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಕಂಡದ್ದು ಕೂಡ. ಚೀಲದಲ್ಲಿದ್ದ ಊಟದ ಡಬ್ಬಿ ತೆಗೆದು, ಅನ್ನ ಪೊದೆಗೆ ಸುರಿದು, ವೀಸಲನ್ನು ಡಬ್ಬಿಯೊಳಗೆ ಮಲಗಿಸಿದೆ.

ಮ್ಯೂಸಿಯಮ್ಮಿನ ಕ್ಯುರೇಟರ್ ನನ್ನನ್ನು ಕಂಡು ಸಾಂತ್ವನದ ಮಾತು ಶುರುಮಾಡಿದವರು ಡಬ್ಬಿ ತೆರೆದ ಕೂಡಲೇ ಅದನ್ನು ಮರೆತರು. ಕಿಟಕಿ ತೆರೆದು, ಬೆಳಕಿಗೆ ಹಿಡಿದು ಕೂದಲು ಸರಿಸಿ ನೋಡಿದರು.

"ತಗ್ಗಿನಲ್ಲಿ! ಬೇಸಿಗೆಯಲ್ಲಿ! ಅಲ್ಲಮ್ಮಾ, ಇಲ್ಲಿ ನೋಡು, ಹಾಲೂಡಿಸ್ತಾ ಇದ್ದದ್ದು ಇದು. ದಾರಿ ತಪ್ಪಿ ಬಂದದ್ದಲ್ಲ, ಇಲ್ಲೇ ಮನೆ ಮಾಡಿದೆ. ನಿಮ್ಮ ಯಜಮಾನ್ರು ದೊಡ್ಡ ಕೆಲಸ ಮಾಡಿಟ್ಟು ಹೋಗಿದಾರೆ."

"ಸರ್, ಅದು ಬೋನಲ್ಲಿ ಹಸಿದು ಸತ್ತಿದೆ. ಬೋನು ಇರೋದು ನಂಗೆ ಗೊತ್ತಿತ್ತು. ಮರೆತೆ."

"ಇಂಥಾ ಹೊತ್ತಲ್ಲಿ ಯಾರಿಗಮ್ಮಾ ನೆನಪಿರತ್ತೆ?"

ಅವರ ದನಿಯಲ್ಲಿ ಕನಿಕರವಿತ್ತು. ಅದರ ಬದಲು ಬೈದಿದ್ದರೆ ಚೆನ್ನಾಗಿತ್ತು. ಪಿನ್ನನ್ನು ನನ್ನ ಕೈಗೇ ಕೊಟ್ಟರು. ಚಳಿಗಾಲದ ನೀಲಿ ಪಿನ್ನುಗಳಿಂದ ಎಷ್ಟೋ ಕೆಳಗೆ, ನಮ್ಮ ಊರಿನ ಮೇಲೆ, ಬೇಸಿಗೆಯ ಒಂದೇ ಒಂದು ಕೆಂಪು ಪಿನ್ನು ಚುಚ್ಚಿದೆ.

ಮಧ್ಯಾಹ್ನ ಮತ್ತೆ ಪಂಪ್‌ಹೌಸಿಗೆ ಹೋದೆ. ಮರಿಗಳ ಸದ್ದಿಗಾಗಿ ಪೈಪಿನ ಕೆಳಗಿನ ಕಲ್ಲುಸಂದಿಗಳಿಗೆಲ್ಲ ಕಿವಿಯಿಟ್ಟೆ. ಒಂದಕ್ಕೆ ಕೈ ತೂರಿಸಿದೆ, ಮೊಣಕೈವರೆಗೆ. ಒಣ ಎಲೆಗಳು, ಅಷ್ಟೇ. ಇಷ್ಟು ದಿನದ ಮೇಲೆ ಕೇಳುವುದಕ್ಕೆ ಏನು ತಾನೆ ಉಳಿದಿರುತ್ತದೆ? ಬೋನನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದೆ. ಕೆರೆದ ಗುರುತು ಹೋಗಲಿಲ್ಲ.

ಬೇಕರಿಯವನು ಹಿಟ್ಟು ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ.

"ಅಯ್ಯೋ, ನೀವ್ಯಾಕಮ್ಮಾ ಹೊತ್ಕೊಂಡು ಬಂದ್ರಿ? ನಾನು ಕೇಳಿದ್ನಾ? ಇಲಿಗಳು ಹಿಟ್ಟಿನ ಚೀಲದಲ್ಲಿ ಸಂಸಾರ ಹೂಡಿದ್ರೂ ಬಾಯಿ ಬಿಟ್ಟಿರ್ಲಿಲ್ಲ ನಾನು." ಬೋನಿನತ್ತ ಕೈ ಚಾಚಿದ. "ಸಾಹೇಬ್ರು ದಿನಾ ಬೆಳಿಗ್ಗೆ ಬನ್ನು ತಗೊಳಕ್ಕೆ ಬಂದು, ಇವತ್ತೂ ಖಾಲಿ ಕಣಯ್ಯಾ, ಮನೇಲಿ ಮಾನ ಹೋಗ್ತಿದೆ ಅಂತಿದ್ರು. ಕೊನೆಗೂ ಏನಾದ್ರೂ ಬಿತ್ತಾ?"

"ಬಿತ್ತು. ಅವರು ಹೇಳಿದ್ದೇ."

"ನೋಡಿ ಮತ್ತೆ! ಬಿಟ್ರಿ ತಾನೆ ಅದನ್ನ? ಹಿಡಿದು, ನಮ್ಮವಳಿಗೆ ತೋರಿಸಿ, ಬಿಟ್ಟುಬಿಡ್ತೀನಿ ಅಂದಿದ್ರು."

"ಇಲ್ಲ. ನಾನು ಹೋಗೋದು ತಡವಾಯ್ತು."

ಅವನ ಕಣ್ಣು ಹಲಗೆಯ ಮೇಲಿನ ಬಿಳಿ ಗೀರುಗಳತ್ತ ಹೋಯಿತು. ಹಿಡಿಕೆ ಇನ್ನೂ ನನ್ನ ಕೈಯಲ್ಲೇ ಇತ್ತು.

"ಬೋನು ಇಟ್ಟರೆ ಬೆಳಿಗ್ಗೆ ನೋಡ್ತೀರಲ್ಲ?" ಅಂದೆ.

"ಅದೇ ಮೊದಲ ಕೆಲಸ ಕಣಮ್ಮಾ. ಒಲೆ ಹಚ್ಚೋದೂ ಆಮೇಲೆ."

"ಒಂದಿನ ನಿಮಗೆ ಬರೋಕಾಗದಿದ್ರೆ?"

ಬೇಕರಿಯವನು ಹಿಟ್ಟಿನ ಕೈಯನ್ನು ಮತ್ತೊಮ್ಮೆ ಒರೆಸಿಕೊಂಡ. "ನನ್ನ ಹೆಂಡ್ತಿಗೆ ಹೇಳಿಡ್ತೀನಿ," ಅಂದ.

ಹಿಡಿಕೆ ಬಿಟ್ಟೆ.