ಅಂಗೈಯಲ್ಲಿ ಚೋಯಾ

ಎಡಗಡೆ ಜೊತೆಜೊತೆಗೇ ಓಡಿಬರುತ್ತಿರುವ ಈ ನೆರಳು ಯಾರದು, ಗಿಡ್ಡ, ಗೂನು ಬೆನ್ನು, ತಲೆ ಮಾತ್ರ ಕುಂಬಳಕಾಯಿಯಷ್ಟು — ಓ, ತನ್ನದೇ, ಹೆಲ್ಮೆಟ್ಟಿನ ನೆರಳು, ಡೆಲ್ಫೀನಾ ಒಬ್ಬಳೇ ನಕ್ಕಳು, ನಕ್ಕಿದ್ದಕ್ಕೆ ಬಾಯಿ ತುಂಬ ದೂಳು, ತುಟಿ ಒಡೆದು ಉಪ್ಪುಪ್ಪು, ಬೆಳಗಾಗಿ ಎಷ್ಟು ಹೊತ್ತಾಯಿತೋ, ಆಗ ಹಲ್ಲು ಕಟಕಟ ಅನ್ನುವ ಚಳಿ, ಈಗ ನೋಡಿದರೆ ಕಾದ ಹೆಂಚು, ಈ ಮರುಭೂಮಿಗೆ ಮಾನ ಮರ್ಯಾದೆ ಇಲ್ಲ, ಫೆಬ್ರವರಿ ಅಂದರೆ ಫೆಬ್ರವರಿಯ ಹಾಗಿರಬೇಕಪ್ಪ. ನಿನ್ನೆ ಮಧ್ಯಾಹ್ನ ಹನ್ನೆರಡಕ್ಕೆ ಶುರುವಾದ ಸೈಕಲ್ ಪಂದ್ಯ ಇವತ್ತು ಹನ್ನೆರಡಕ್ಕೆ ಮುಗಿಯುತ್ತದೆ, ನಾಲ್ವರ ತಂಡ, ಒಬ್ಬರಾದ ಮೇಲೆ ಒಬ್ಬರು ಇದೇ ಗುಡ್ಡ ಇದೇ ಹಳ್ಳ ಇದೇ ಕಳ್ಳಿಗಾಡು ಸುತ್ತಿ ಬರಬೇಕು, ತಮ್ಮ ರೊಹೇಲಿಯೊ, ಅವನ ಹೆಂಡತಿ ಇಸೀದ್ರಾ, ಬಸ್ ಗ್ಯಾರೇಜಿನ ವೆಂಡೆಲ್, ಆಮೇಲೆ ತಾನು, ಎಲ್ಲರೂ ಐವತ್ತರ ಆಸುಪಾಸು, ತಂಡದ ಹೆಸರು ತುಕ್ಕು ಹಿಡಿದ ಚೈನು, ಇಟ್ಟವಳು ತಾನೇ, ಅದಾದರೂ ನೆನಪಿದೆಯಲ್ಲ, ಸದ್ಯ. ಇದು ಕೊನೆಯ ಸುತ್ತು, ನಾನು ಹೋಗ್ತೀನಿ ಕಣೋ, ನಿನ್ ಮಂಡಿ ನೋಡು ಬನ್ನಿನ ಥರ ಊದಿದೆ, ಅಂದಾಗ ರೊಹೇಲಿಯೊ ಬೇಡ ಅನ್ನಲಿಲ್ಲ, ಆದರೆ ಅವನ ಮಂಡಿಗಾಗಿ ಹೊರಟದ್ದಲ್ಲ, ಸುಳ್ಳು ಯಾಕೆ, ತನಗಾಗಿ, ಯಾರಿಗೂ ಹೇಳದೆ ಒಳಗೊಳಗೇ ಒಂದು ಪಣ ಕಟ್ಟಿಕೊಂಡಿದ್ದಾಳೆ, ಈ ಒಂದು ಸುತ್ತು ಎಲ್ಲೂ ದಾರಿ ತಪ್ಪದೆ, ಏನನ್ನೂ ಮರೆಯದೆ ಮುಗಿಸಿದರೆ ನನಗೇನೂ ಆಗಿಲ್ಲ, ಅಮ್ಮನಿಗೆ ಆದದ್ದು ನನಗೆ ಆಗಿಲ್ಲ. ಪಣ ಯಾರ ಜೊತೆ ಅಂದರೆ ಗೊತ್ತಿಲ್ಲ, ದೇವರ ಜೊತೆ ಇರಬೇಕು, ಅಮ್ಮ ಸಂತರ ಜೊತೆ ಹೀಗೇ ಚೌಕಾಸಿ ಮಾಡುತ್ತಿದ್ದಳು, ಮೇಣದಬತ್ತಿ ಹಚ್ತೀನಿ ಕಣಪ್ಪ, ಮೊದ್ಲು ಕೆಲ್ಸ ಆಗ್ಲಿ.

ದಾರಿಯ ಎರಡೂ ಬದಿ ಚೋಯಾ ಕಳ್ಳಿ, ಬಿಸಿಲು ಬಿದ್ದರೆ ಮೈಯೆಲ್ಲ ಹೊಂಬಣ್ಣದ ರೋಮ ಬಂದ ಹಾಗೆ ಮೆತ್ತಗೆ ಕಾಣುತ್ತದೆ, ಕಾಣುವುದಷ್ಟೇ, ರೋಮವಲ್ಲ ಮುಳ್ಳು, ಒಂದೊಂದು ಮುಳ್ಳಿಗೂ ಕೊಕ್ಕೆ, ಸೋಕಿದರೆ ಸಾಕು ಒಂದು ಉಂಡೆ ಕಳಚಿಕೊಂಡು ಬಂದು ಮೈಗೆ ಅಂಟುತ್ತದೆ, ಕೈಯಿಂದ ಕೀಳಲು ಹೋದಿರೋ ಕೈಗೂ ಹತ್ತಿತು, ಬೆರಳು ತೋರಿಸಿದರೆ ಹಸ್ತ ನುಂಗುವ ಜಾತಿ, ಅದಕ್ಕೇ ಇಲ್ಲಿ ಸೈಕಲ್ ಹತ್ತುವ ಎಲ್ಲರ ಜೇಬಿನಲ್ಲೂ ಒಂದು ಬಾಚಣಿಗೆ, ಬೋಳುತಲೆಯ ವೆಂಡೆಲ್‌ನ ಜೇಬಿನಲ್ಲೂ, ಹಲ್ಲನ್ನು ಉಂಡೆಯ ಅಡಿಗೆ ತೂರಿಸಿ ಫಟ್ಟನೆ ಆಚೆ ಚಿಮ್ಮಬೇಕು. ಈ ನೆಲದಲ್ಲಿ ಹುಟ್ಟಿದ ಮಗು ನೆಟ್ಟಗೆ ನಡೆಯುವ ಮೊದಲೇ ಕಲಿಯುವ ಪಾಠ, ಡೆಲ್ಫೀನಾಗೆ ಕಲಿಸಿದ್ದು ಅಮ್ಮ, ಅಡುಗೆಮನೆ ಕಿಟಕಿಯ ಮೊಳೆಗೆ ನೇತುಹಾಕಿದ್ದ ಕೆಂಪು ಬಾಚಣಿಗೆ, ಮುಟ್ಬೇಡ ಕಣೆ, ಅಲುಗಾಡ್ಬೇಡ, ಉಸಿರು ಬಿಗಿ ಹಿಡ್ಕೋ — ಫಟ್. ಆ ಅಮ್ಮ, ಅದೇ ಅಮ್ಮ, ಒಂದು ದಿನ ಹಿತ್ತಲಿನಿಂದ ಎರಡೂ ಕೈ ಮುಚ್ಚಿಕೊಂಡು ಮೆಲ್ಲಗೆ ಬಂದಳು, ನೋಡ್ರೋ ಇಲ್ಲಿ, ತಾಯಿ ಇಲ್ಲದ ಕೋಳಿಮರಿ, ಪಾಪ ಹೆಂಗ್ ನಡುಗ್ತಿದೆ, ಅಂಗೈ ತೆರೆದರೆ ಚೋಯಾ ಉಂಡೆ, ಹೊಂಬಣ್ಣದ್ದು, ಬೆರಳ ಸಂದಿಯಿಂದ ರಕ್ತ ಮೊಣಕೈಗೆ ಇಳಿಯುತ್ತಿದೆ, ಅಮ್ಮ ನಗುತ್ತಿದ್ದಾಳೆ. ಒಲೆಯ ಮೇಲೆ ಬೀನ್ಸ್ ತಳ ಹಿಡಿಯಿತು, ರೊಟ್ಟಿ ಸೀದಿತು, ಯಾರೂ ಏಳಲಿಲ್ಲ, ರೊಹೇಲಿಯೊ ಒಬ್ಬನೇ ಬಾಚಣಿಗೆ ಹಿಡಿದು ಬಂದ, ನಿದ್ದೆ ಸಾಲ್ದು ಅಮ್ಮಂಗೆ, ಅಷ್ಟೇ, ಏನಿಲ್ಲ, ಅಂದ, ಆಮೇಲೆ ಎರಡು ವರ್ಷ ಅದೇ ಮಾತು, ಬಂದವರಿಗೆಲ್ಲ ಅದೇ ಮಾತು, ಡೆಲ್ಫೀನಾನೂ ಹೂಂಗುಟ್ಟಿದಳು, ನಂಬಿದಳೋ ಇಲ್ಲವೋ, ಹೂಂ ಅಂತೂ ಅಂದಳು.

ತಾಯಿಯಂತೆ ಮಗಳು ನೂಲಿನಂತೆ ಸೀರೆ ಅನ್ನುವುದು ಹೊಗಳಿಕೆಯಾಗಿತ್ತು ಒಂದು ಕಾಲಕ್ಕೆ, ಅದೇ ಮೂಗು ಅದೇ ನಗು ಅದೇ ಬಾಯಿಜೋರು, ಈಗ ಯಾರಾದರೂ ಅಂದರೆ ಮಾತು ತಿರುಗಿಸುತ್ತಾಳೆ. ಹೋದ ತಿಂಗಳು ಶಾಲೆಯ ಹಳದಿ ಬಸ್ಸು, ಅವಳೇ ಓಡಿಸುವ ಬಸ್ಸು, ತುಂಬ ಮಕ್ಕಳು, ಬೆಳಗಿನ ಗಲಾಟೆ, ಎಲ್ಲ ಸರಿಯಾಗೇ ಇತ್ತು, ಮಿಸ್ ಡೆಲ್ಫೀನಾ ಎಲ್ಲಿಗ್ ಹೋಗ್ತಿದೀರ, ಮಿಸ್ ಈ ಕಡೆ ಅಲ್ಲ, ನೋಡಿದರೆ ಬಸ್ಸು ಬೇಲಿ ಹಾಕಿದ ಬಟಾಬಯಲಿನ ಮುಂದೆ ನಿಂತಿದೆ, ಎಂದೋ ಕೆಡವಿಹಾಕಿದ ಹಳೆಯ ಶಾಲೆಯ ಜಾಗ, ಕೈಗಳೇ ಕರೆತಂದಿದ್ದವು, ಕೈಗಳಿಗೆ ಯಾರೂ ಹೇಳಿರಲಿಲ್ಲ ಶಾಲೆ ಇಲ್ಲ ಅಂತ. ಸುಮ್ನೆ ಒಂದು ರೌಂಡು ಕಣ್ರೋ, ನಿಮಗೆ ಬಿಸಿಲು ತೋರ್ಸೋಣ ಅಂತ, ಅಂದಳು, ಮಕ್ಕಳು ನಕ್ಕರು, ಮಕ್ಕಳು ಎಷ್ಟು ಒಳ್ಳೆಯವರು. ಅಮ್ಮನಿಗೆ ಆದದ್ದೇ ಅನ್ನುವುದು ನಿಜವಾದರೆ ಬಸ್ಸಿನ ಕೀಲಿ ಕೊಟ್ಟುಬಿಡಬೇಕು, ಮಕ್ಕಳ ಪ್ರಾಣ, ಹುಡುಗಾಟವಲ್ಲ, ಕೊಟ್ಟ ಮೇಲೆ ತಾನು ಯಾರು — ಕಲ್ಲು, ಕಲ್ಲು, ಎಡಕ್ಕೆ ತಿರುಗಿಸು, ಹಾಂ, ಸೈಕಲ್ ಕುಣಿದು ನೆಟ್ಟಗಾಯಿತು. ಕೋಲು! ಕೋಲು ಎಲ್ಲಿ, ಬೆರಳುದ್ದದ ಮರದ ತುಂಡು, ಒಬ್ಬರ ಕೈಯಿಂದ ಒಬ್ಬರಿಗೆ ಬರಬೇಕು, ಕೋಲು ಇಲ್ಲದ ಸುತ್ತು ಲೆಕ್ಕಕ್ಕಿಲ್ಲ, ಇಸೀದ್ರಾ ಕೊಟ್ಟಳಾ, ಗುಡಾರದಲ್ಲಿ ನಿಂತಿದ್ದಳು, ಮೈಯೆಲ್ಲ ಕೆಂಪು ಮಣ್ಣು, ಅತ್ತಿಗೆ ಕೋಲು ಹುಷಾರು, ತಲೆ ಬೇಕಾದ್ರೆ ಇಲ್ಲೇ ಬಿಟ್ಟೋಗಿ, ಹೆಂಗೂ ಖಾಲಿ, ಅಂತ ಹಲ್ಲು ಕಿಸಿದಳು, ತಮಾಷೆ, ಬರೀ ತಮಾಷೆ, ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಡೆಲ್ಫೀನಾ ಸಿಡುಕಿದಳು, ನಿನ್ ತಲೆ ನೋಡ್ಕೊಳೇ ಸಾಕು, ಇಸೀದ್ರಾ ಪೆಚ್ಚಾದಳು — ಆಮೇಲೆ? ಕೋಲು ಕೊಟ್ಟಳೋ ಇಲ್ಲವೋ? ಒಂದು ಕೈ ಬಿಟ್ಟು ಸೊಂಟದ ಹಿಂದೆ ತಡಕಿದಳು, ಬೆನ್ನಿನ ಜೇಬು, ಬಾಚಣಿಗೆ, ಬಾಳೆಹಣ್ಣಿನ ಸಿಪ್ಪೆ, ಇಲ್ಲ, ಇಲ್ಲ, ಎದೆಯ ಹತ್ತಿರ ಏನೋ ಚುಚ್ಚಿತು, ಒಳಂಗಿಯ ಪಟ್ಟಿಯೊಳಗೆ ತಾನೇ ಸಿಕ್ಕಿಸಿಕೊಂಡಿದ್ದಾಳೆ, ಬೆವರಿಗೆ ಒದ್ದೆಯಾಗಿ ಬೆಚ್ಚಗೆ ಇದೆ ಕೋಲು, ಇದೆ. ಅಯ್ಯೋ ಮಾರಾಯ್ತಿ, ಪ್ರಾಣ ಹೋಗಿ ಬಂತು.

ಒಂದಾಯಿತು, ಕೋಲು ಮರೆತಿಲ್ಲ, ಇನ್ನು ಕವಲು ದಾರಿ, ಒಣಹಳ್ಳ ದಾಟಿದ ಮೇಲೆ, ಅಲ್ಲೇ ಭಯ. ಹೋದ ವರ್ಷದವರೆಗೂ ಎಡಕ್ಕೆ, ಈ ವರ್ಷ ಬಲಕ್ಕೆ, ಅಡ್ಡ ಕಟ್ಟಿದ್ದ ಪಟ್ಟಿ ಗಾಳಿಗೆ ಕಿತ್ತುಹೋಗಿದೆ, ಎರಡೂ ದಾರಿ ಒಂದೇ ಬಣ್ಣ, ಒಂದೇ ಮಣ್ಣು, ಕೈಗಳು ಎಡಕ್ಕೆ ಎಳೆಯುತ್ತಿವೆ, ಇವೇ ಕೈಗಳು, ಹಾಳಾದ ಕೈಗಳು, ಮಿಸ್ ಈ ಕಡೆ ಅಲ್ಲ, ಹಗಲು ಕಂಡ ಬಾವಿಗೆ ಇರುಳು ಬೀಳುವುದೇ, ಬ್ರೇಕು ಹಿಡಿದು ಒಂದು ಕಾಲು ನೆಲಕ್ಕೆ ಊರಿ ನಿಂತಳು, ಹಿಂದಿನಿಂದ ಯಾರೋ ಬಯ್ದುಕೊಂಡು ಪಕ್ಕದಲ್ಲೇ ಹಾದು ಹೋದ, ಎಲ್ಲಿಗೆ ಹೋದ ಅಂತ ನೋಡಲಿಲ್ಲ, ನೋಡಿದರೆ ಮೋಸ, ಪಣ ಅಂದರೆ ಪಣ. ದನಗಳ ನೀರಿನ ತೊಟ್ಟಿ, ತೊಟ್ಟಿ ಕಂಡರೆ ಬಲಕ್ಕೆ, ವೆಂಡೆಲ್ ಬೆಳಿಗ್ಗೆ ಕಾಫಿ ಊದುತ್ತಾ ಹೇಳಿದ್ದ, ತೊಟ್ಟಿ ಅಂದ್ರೆ ಬಲ ಅಂತ ತಿಳ್ಕೋ ಡೆಲ್ಫೀನಾ, ಎಡಕ್ಕೆ ಹೋದ್ರೆ ಸೀದಾ ಮೆಕ್ಸಿಕೊ, ನಿಮ್ಮಜ್ಜಿ ಮನೆ — ಬಲಕ್ಕೆ. ತಿರುಗಿದಳು, ನೂರು ಮಾರು ಹೋಗುವುದರಲ್ಲಿ ಪಂದ್ಯದ ದಾರಿ ತೋರಿಸುವ ಕಿತ್ತಳೆ ಬಾವುಟ ಕಂಡಿತು, ಅಳು ಬಂತು, ಸಂತೋಷಕ್ಕೆ ಅಳು, ಏನೂ ಆಗಿಲ್ಲ ನನಗೆ, ಅಮ್ಮಾ, ಏನೂ ಆಗಿಲ್ಲ, ಆಳೆತ್ತರಕ್ಕೆ ಮೂರು ಪಟ್ಟು ಬೆಳೆದ ಸಗ್ವಾರೊ ಕಳ್ಳಿಗಳು ಕೈ ಎತ್ತಿ ನಿಂತಿವೆ, ಅವಕ್ಕೂ ಕೈ ಬೀಸಿದಳು, ಬೀಳಲಿಲ್ಲ.

ಇಳಿಜಾರು, ಗಾಳಿ, ಕೆಳಗೆ ಗುಡಾರಗಳ ಊರು, ಹೊಗೆ, ಸುಟ್ಟ ಮೆಣಸಿನಕಾಯಿಯ ಘಾಟು, ಯಾರೋ ಬಾಜಾ ಬಜಾಯಿಸುತ್ತಿದ್ದಾರೆ, ಗೆರೆ, ಸುಣ್ಣದ ಬಿಳಿ ಗೆರೆ, ಇನ್ನೊಂದೇ ಉಳಿದದ್ದು, ಹನ್ನೆರಡು ಹೊಡೆಯುವ ಮೊದಲು ಗೆರೆ ದಾಟಬಾರದು, ದಾಟಿದರೆ ಅದೇ ತಂಡದ ಇನ್ನೊಬ್ಬರು ಮತ್ತೊಂದು ಸುತ್ತು ಹೊರಡಬೇಕು, ರೊಹೇಲಿಯೊನ ಮಂಡಿ, ಅದಕ್ಕೇ ಬೇಗ ಬಂದವರೆಲ್ಲ ಗೆರೆಯ ಈಚೆ ಸೈಕಲ್ ಹಿಡಿದು ಮದುವೆಮನೆ ಪಂಕ್ತಿಗೆ ಕಾದ ಹಾಗೆ ನಿಂತಿದ್ದಾರೆ. ಹೊಸಬರು ತಪ್ಪುತ್ತಾರೆ, ಅವಳು ತಪ್ಪಲಿಲ್ಲ, ಗೆರೆಗೆ ಒಂದು ಮಾರು ಇರುವಾಗ ನಿಂತಳು, ಅಕ್ಕಾ, ನಿಲ್ಲು ನಿಲ್ಲು, ಅಂತ ಆಚೆಯಿಂದ ರೊಹೇಲಿಯೊ, ಗೊತ್ತು ಕಣೋ, ನಿನ್ನೆ ಮೊನ್ನೆ ಹುಟ್ಟಿದವಳಾ ನಾನು, ಕೈಗವಸು ಕಿತ್ತೆಸೆದು ಅಂಗಿಯೊಳಗಿನಿಂದ ಕೋಲು ತೆಗೆದು ಎತ್ತಿ ತೋರಿಸಿದಳು, ಇಸೀದ್ರಾ ಸಿಳ್ಳೆ ಹಾಕಿದಳು, ತಲೆ ಇದೆ ಕಣ್ರೀ ನಮ್ಮತ್ತಿಗೆಗೆ, ವೆಂಡೆಲ್ ಬೋಳುತಲೆ ಸವರಿಕೊಂಡು ಹೋ ಅಂದ, ಗೆದ್ದೆ, ಡೆಲ್ಫೀನಾಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ, ನಾಳೆ ಬಸ್ಸು, ಮಕ್ಕಳು, ಮೇಣದಬತ್ತಿ ಒಂದಲ್ಲ ಎರಡು ಹಚ್ಚುತ್ತೇನೆ. ಪಕ್ಕದಲ್ಲಿ ಬಾಳೆಹಣ್ಣಿನ ವೇಷ ಹಾಕಿದ ದೊಡ್ಡ ಆಸಾಮಿ, ಉತ್ತರದ ಚಳಿನಾಡು ಮಿನೆಸೋಟದಿಂದ ಬಂದವನಂತೆ, ಒಂಟಿ ಕಾಲಲ್ಲಿ ಕುಣಿಯುತ್ತಿದ್ದಾನೆ, ಅಯ್ಯಯ್ಯೋ ಏನೋ ಕಚ್ಕೊಂಡಿದೆ, ತೆಗೀರಪ್ಪಾ ಯಾರಾದ್ರೂ, ಅವನ ಮೀನಖಂಡದ ಮೇಲೆ ಹೊಂಬಣ್ಣದ್ದು, ಬಿಸಿಲಲ್ಲಿ ಹೊಳೆಯುತ್ತಾ, ಇಷ್ಟೇ ಇಷ್ಟು, ಸುತ್ತ ನಿಂತವರ ಕೈಗಳು ಜೇಬಿಗೆ ಹೋಗುತ್ತಿವೆ, ಅವಳು ಎಲ್ಲರಿಗಿಂತ ಹತ್ತಿರ, ತಡಿ ತಡಿ, ಹೆದರ್ಬೇಡ, ನಾನ್ ತೆಗೀತೀನಿ, ಬಗ್ಗಿದಳು, ಮೆಲ್ಲಗೆ, ನೋಯಬಾರದು ಅದಕ್ಕೆ, ಬರಿಗೈಯಲ್ಲಿ ಬಾಚಿ ತೆಗೆದುಕೊಂಡಳು.

ಬಾಜಾ ನಿಂತಿತೋ ಕಿವಿ ನಿಂತಿತೋ. ಬಾಳೆಹಣ್ಣಿನವನು ಥ್ಯಾಂಕ್ಸ್ ಅನ್ನಲು ತೆರೆದ ಬಾಯಿ ತೆರೆದೇ ಇದೆ, ಸುತ್ತ ಬಾಚಣಿಗೆಗಳು, ಹಸಿರು, ಕಪ್ಪು, ಎಲ್ಲರ ಕೈಯಲ್ಲೂ ಬಾಚಣಿಗೆ, ತನ್ನದು ಬೆನ್ನಿನ ಜೇಬಿನಲ್ಲಿದೆ, ಈಗಷ್ಟೇ ಮುಟ್ಟಿದ್ದಳು, ಇತ್ತು, ಇದೆ, ಮತ್ತೆ ಯಾಕೆ — ಹನ್ನೆರಡರ ಗುಂಡು ಹಾರಿತು, ಎಲ್ಲರೂ ಕೂಗುತ್ತಾ ಗೆರೆ ದಾಟಿದರು, ಅವಳ ಸುತ್ತ ದೂಳು, ರೊಹೇಲಿಯೊ ಮಾತ್ರ ಜನಕ್ಕೆ ಎದುರಾಗಿ ಕುಂಟುತ್ತಾ ಬರುತ್ತಿದ್ದಾನೆ, ಅವನ ಮುಖ ಅವಳಿಗೆ ಗೊತ್ತು, ಒಂದು ಸಲ ನೋಡಿದ್ದಾಳೆ, ಅಡುಗೆಮನೆಯಲ್ಲಿ, ರೊಟ್ಟಿ ಸೀಯುತ್ತಿದ್ದಾಗ. ಅವಳ ಕಡೆ ನೋಡದೆ ಹೆಂಡತಿಯ ಕಡೆ ತಿರುಗಿ ಹೇಳಿದ, ಮೆಲ್ಲಗೆ, ಜೇಬಿನಿಂದ ಬಾಚಣಿಗೆ ತೆಗೆಯುತ್ತಾ, ನಿದ್ದೆ ಸಾಲ್ದು ಅಕ್ಕಂಗೆ, ಅಷ್ಟೇ, ಏನಿಲ್ಲ. ಹೂಂ ಅನ್ನು, ಡೆಲ್ಫೀನಾ, ಹೂಂ ಅನ್ನು, ನೋಯುತ್ತಿದೆಯಾ, ನೋಯುತ್ತಿರಬೇಕು, ಬೆರಳ ಸಂದಿಯಿಂದ ಬೆಚ್ಚಗೆ ಮೊಣಕೈಗೆ ಇಳಿಯುತ್ತಿದೆ, ಅಂಗೈಯಲ್ಲಿ ಹೊಂಬಣ್ಣ, ಮೆತ್ತಗೆ, ಇಷ್ಟೇ ಇಷ್ಟು, ಪಾಪ, ಹೇಗೆ ನಡುಗುತ್ತಿದೆ, ಅಲ್ಲ, ನಡುಗುತ್ತಿರುವುದು ಕೈ, ಕೈ, ಅಂಗೈಯಲ್ಲಿ ಕೋಳಿಮರಿ.