ಕೈಯಲ್ಲಿದ್ದ ಕರಡಿ

"ಕುಣಿಯಲೇ ಬೋಸುಡಿ! ಹಿಂಗ ಕಂಬದಂಗ ನಿಂತರ ಯಾರ್ ನೋಡ್ತಾರ?"

ಗುತ್ತಿಗೆದಾರ ರಾಮದಾಸ ಹಿಮಕರಡಿ ವೇಷದ ಬಿಳಿ ತುಪ್ಪಳದ ಬೆನ್ನಿಗೆ ಗುದ್ದಿದ. ಒಳಗಿದ್ದ ಸಂಗಣ್ಣ ಕುಣಿದ. ಹಿಂದೆ ವೇಷ ಹಾಕಿದವರ ಬೆವರೆಲ್ಲ ಅದರೊಳಗೆ ಹಾಗೇ ಉಳಿದಿತ್ತು. ಲೋಕ ಕಾಣುತ್ತಿದ್ದದ್ದು ಕರಡಿಯ ಬಾಯಿಯ ಜಾಳಿಗೆಯಿಂದ. ಮಾತಾಡಬಾರದು, ತಲೆ ತೆಗೆಯಬಾರದು. ಈ ಕೆಲಸಕ್ಕಿದ್ದ ಕಟ್ಟಳೆ ಅಷ್ಟೇ.

ನಾರಾಯಣಗೂಡದ ಕಾಲೇಜಿನಲ್ಲಿ ಹೈದರಾಬಾದ್ ಕನ್ನಡಿಗರ ಚರ್ಚಾಸ್ಪರ್ಧೆ. ಹಿಮಕರಡಿಯನ್ನು ಬೇಟೆಯಾಡುವ ಹಕ್ಕು ಉತ್ತರಧ್ರುವದ ಮೂಲನಿವಾಸಿಗಳಿಗೆ ಇರಬೇಕೇ, ಬೇಡವೇ? ಸಂಗಣ್ಣ ಗಾರೆ ಕೆಲಸ ಬಿಟ್ಟು ಬಂದದ್ದು ಇದಕ್ಕಲ್ಲ, ಮುಖ್ಯ ಅತಿಥಿಗಾಗಿ. ಅವರು ಸುಬ್ಬರಾಯರು, ನಿವೃತ್ತ ಅರಣ್ಯಾಧಿಕಾರಿ. ಊರಲ್ಲಿ ಸಂಗಣ್ಣನ ಅಪ್ಪ ಅಮರಯ್ಯ ಮೊಲ ಹಿಡಿದ ಕೇಸಿನಲ್ಲಿ ಜೈಲು ಸೇರಿದ್ದ. ಇಂಥ ದೊಡ್ಡವರು ಒಂದು ಫೋನು ಮಾಡಿದರೆ ಬಿಡುತ್ತಾರೆಂದು ಯಾರೋ ಹೇಳಿದ್ದರು.

ಬೇಡವೆಂದು ವಾದಿಸಿದ ಬೆಂಗಳೂರಿನ ಸಿಂಚನಾ ಕಣ್ಣೀರು ತಂದುಕೊಂಡಳು. ಮಂಜು ಕರಗುತ್ತಿದೆ, ಕರಡಿ ಒಂಟಿಯಾಗಿದೆ ಎನ್ನುತ್ತ ಪಕ್ಕದಲ್ಲಿದ್ದ ಕರಡಿಯ ತಲೆ ನೇವರಿಸಿದಳು. ಈ ಊರಿಗೆ ಬಂದ ಮೇಲೆ ಸಂಗಣ್ಣನ ತಲೆಯನ್ನು ಯಾರೂ ಹಾಗೆ ಮುಟ್ಟಿರಲಿಲ್ಲ. ಈಗಲೂ ಮುಟ್ಟಿದ್ದು ಸ್ಪಂಜನ್ನು.

ಗೆದ್ದವನು ಶ್ರೀಹರ್ಷ. ಆ ಮೂಲನಿವಾಸಿಗಳು ಮೋಜಿಗೆ ಕೊಲ್ಲುವುದಿಲ್ಲ, ಹಂಚಿಕೊಂಡು ತಿನ್ನುತ್ತಾರೆ, ಅದು ಅವರ ಬದುಕು ಎಂದಿದ್ದ. ಬಹುಮಾನ ಕೊಟ್ಟ ಸುಬ್ಬರಾಯರು, "ಬೇಟೆಗಾರನ ಹಸಿವು ಕಾನೂನಿಗೂ ಅರ್ಥವಾಗಬೇಕು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಗಣ್ಣನೂ ತಟ್ಟಿದ. ಪಂಜಗಳಿಂದ ಸದ್ದು ಬರಲಿಲ್ಲ.

ಅವರು ವೇದಿಕೆ ಇಳಿಯುವಾಗ ಕರಡಿ ಅಡ್ಡ ನಿಂತಿತು.

"ಸಾಹೇಬ್ರ, ನಾ ಹರಣಶಿಕಾರಿ ಮನಷ್ಯಾರಿ, ಬ್ಯಾಟಿ ಆಡೋ ಮಂದಿರಿ. ನಮ್ಮಪ್ಪ ಜೇಲಿನ್ಯಾಗ ಅದಾನ್ರಿ."

"ಅರೆ, ಕರಡಿಗೆ ಕನ್ನಡ ಬರುತ್ತೆ!" ಎಂದರು ಸುಬ್ಬರಾಯರು.

ಸುತ್ತಲಿನವರು ನಕ್ಕರು. ಸಂಗಣ್ಣ ಕರಡಿಯ ತಲೆ ತೆಗೆದ. ನಗು ನಿಂತಿತು.

"ಬಲಿಯಾಗ ಬಸರಿ ಮೊಲ ಬಿದ್ದಿತ್ರಿ. ನಮ್ಮನ್ಯಾಗ ಬಸರಿ ಮೊಲ ಕೊಲ್ಲಂಗಿಲ್ರಿ. ನಮ್ಮಪ್ಪ ಅದನ್ನ ಬಿಡಸಾಕ ಅಂತ ಕುಂತಾನ. ಉಳದೋರು ಗಾರ್ಡ್ ಬಂದಾನಂತ ಓಡಿದ್ರು, ಇವ ಸಿಕ್ಕ."

"ಕೈಯಲ್ಲಿ ಮೊಲ ಇತ್ತೋ ಇಲ್ಲವೋ?"

"ಇತ್ರಿ. ಬಿಡಾಕರೀ."

"ಕೈಯಲ್ಲಿತ್ತಲ್ಲ, ಮುಗೀತು. ಕೇಸು ಸರಿಯಾಗಿದೆ. ನಿಮ್ಮ ಜನ ಎಂದು ಸುಧಾರಿಸ್ತೀರೋ!"

"ಈಗ ನೀವ ಅಂದ್ರೆಲ್ರಿ, ಬ್ಯಾಟಿಗಾರನ ಹಸಿವು..."

"ಅದು ಅಲ್ಲಿಯವರ ವಿಷಯ ಕಣಯ್ಯ."

ರಾಮದಾಸ ಓಡಿ ಬಂದ. "ತಲಿ ಹಾಕ್ಕೊಳಲೇ ಕಳ್ಳ ಸೂಳೆಮಗನ! ಫೋಟೋ ಐತಿ!"

ಎಲ್ಲರೂ ಸಾಲಾಗಿ ನಿಂತರು. ಸಂಗಣ್ಣ ತಲೆ ಹಾಕಿಕೊಳ್ಳಲಿಲ್ಲ. ಅದನ್ನು ಸುಬ್ಬರಾಯರ ಎರಡೂ ಕೈಗೆ ಕೊಟ್ಟ. ಕೊಟ್ಟದ್ದನ್ನು ತೆಗೆದುಕೊಳ್ಳುವ ರೂಢಿಯಿದ್ದ ಅವರು ಹಿಡಿದುಕೊಂಡರು.

"ಸಾರ್, ನಗ್ರಿ," ಎಂದ ಫೋಟೋದವನು. ಅವರು ನಕ್ಕರು. ಫ್ಲ್ಯಾಶ್ ಬೆಳಗಿತು.

"ಕೈಯಾಗ ಐತ್ರಿ ಸಾಹೇಬ್ರ," ಎಂದ ಸಂಗಣ್ಣ. "ಮುಗೀತಲ್ರಿ?"

ಕುತ್ತಿಗೆಯವರೆಗೂ ಕರಡಿಯಾಗಿದ್ದವನು ಮೇ ತಿಂಗಳ ಬಿಸಿಲಿಗೆ ನಡೆದ. ಫುಟ್‌ಪಾತಿನಲ್ಲಿ ಬರುತ್ತಿದ್ದವರು ಅವನಿಗೆ ದಾರಿ ಬಿಟ್ಟು ರಸ್ತೆಗಿಳಿದರು.