ಚೀಲದಲ್ಲಿ ಎಂಟನೆಯದು

ಅವರನ್ನು ಎಲ್ಲರೂ ಕರೆಯುವುದು ಹೆಡ್‌ಮಿಸ್ ಎಂದೇ. ಶಾಲೆಯಿಂದ ನಿವೃತ್ತಿಯಾಗಿದ್ದರೂ ಗದರುವ ದನಿ ಮಾತ್ರ ಇನ್ನೂ ಸೇವೆಯಲ್ಲೇ ಇತ್ತು. ಮನೆ ಹತ್ತಿರದ ಗಾಲ್ಫ್ ಮೈದಾನದಲ್ಲಿ ಹೆಂಗಸರ ಪೈಕಿ ಅವರನ್ನು ಸೋಲಿಸಿದ್ದು ಒಬ್ಬರೇ, ಅದೇ ಶಾಲೆಯ ಸಂಗೀತದ ಟೀಚರು. ಅದೂ ಆವತ್ತು ಗಾಳಿ ಅವಳ ಕಡೆಗಿತ್ತು ಎಂಬುದು ಹೆಡ್‌ಮಿಸ್ ವಾದ. ಈಗ ಬಲಭುಜ ಕೈಕೊಟ್ಟಿತ್ತು. ಡಾಕ್ಟರು ಇನ್ನು ಆಟ ಬೇಡ ಎಂದುಬಿಟ್ಟಿದ್ದರು. ಹಾಗಾಗಿ ಸೊಸೆ ಆಡಬೇಕಾಯಿತು.

ಸೊಸೆಗೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ಒಂದು ಸಂಜೆ ತಮಾಷೆಗೆ ಚೆಂಡು ಹೊಡೆದದ್ದೇ ಅವಳು ಮಾಡಿದ ತಪ್ಪು. ಅತ್ತೆ ಪಟ್ಟು ಹಿಡಿದು ಕೂತರು, ಮಗ "ನಾನು ಇದರಲ್ಲಿಲ್ಲಪ್ಪ" ಎಂದು ಜಾಗ ಖಾಲಿ ಮಾಡಿದ, ನೋಡನೋಡುತ್ತ ಹೊಸಬರ ಪಂದ್ಯದ ಪಟ್ಟಿಯಲ್ಲಿ ಸೊಸೆಯ ಹೆಸರು ಸೇರಿಯೇಹೋಯಿತು.

ಆ ಪಂದ್ಯಕ್ಕೊಂದು ಕಟ್ಟುಪಾಡಿತ್ತು. ನುರಿತವರು ಚೆಂಡು ಹೊಡೆಯುವ ಕೋಲು, ಅಂದರೆ ಕ್ಲಬ್, ಹದಿನಾಲ್ಕು ಒಯ್ಯಬಹುದು, ಹೊಸಬರು ಏಳೇ ಏಳು. ಚೀಲ ಅವರವರ ಹೆಗಲ ಮೇಲೇ ಇರಬೇಕು. ಒಂದು ಹೆಚ್ಚಿಗೆ ಸಿಕ್ಕಿದರೂ ದಂಡ. ಕಲಿಸಿದವರು ಜೊತೆಗೆ ನಡೆಯಬಹುದು, ತುಟಿಪಿಟಿಕ್ ಎನ್ನುವಂತಿಲ್ಲ.

"ಮೊದಲು ಡ್ರೈವರ್ ಇಡು" ಎಂದರು ಹೆಡ್‌ಮಿಸ್. ಎಲ್ಲಕ್ಕಿಂತ ಉದ್ದವಾದ, ತಲೆ ದಪ್ಪಗಿರುವ ಕ್ಲಬ್ ಅದು. ಅವರಿಗೆ ಕಪ್‌ಗಳನ್ನು ಗೆದ್ದುಕೊಟ್ಟದ್ದೇ ಅದು. "ಉಳಿದ ಆರು ಆಮೇಲೆ ನೋಡೋಣ."

"ಅತ್ತೆ, ಅಂಗಡೀಲಿ ಮಾಡೋ ಹಾಗೆ ಮಾಡಿ ನೋಡ್ಲಾ?"

ಅಂಗಡಿಯಲ್ಲಿ ಅವಳು ಗಿರಾಕಿಯ ಕಣ್ಣಿಗೆ ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ, ಇದಾ ಅದಾ ಎಂದು ಕೇಳುವವಳು. ಮೈದಾನದ ಅಂಚಿನಲ್ಲಿ ಅತ್ತೆಗೊಂದು ಕುರ್ಚಿ ಹಾಕಿಕೊಟ್ಟು, ಎರಡೆರಡೇ ಕ್ಲಬ್ ಹಿಡಿದು ಹಾಗೇ ಶುರು ಮಾಡಿದಳು. ಒಂದರಲ್ಲಿ ಹೊಡೆದು, ಇನ್ನೊಂದರಲ್ಲಿ ಹೊಡೆದು, ಚೆಂಡು ಎಲ್ಲಿ ಬಿತ್ತು ಎಂದು ನೋಡುವುದು. "ಇದಾ, ಅದಾ?" ಎಂದು ತನ್ನನ್ನೇ ಕೇಳಿಕೊಳ್ಳುವುದು. ಸೋತದ್ದು ಪಕ್ಕಕ್ಕೆ.

ನಾಲ್ಕು, ಐದು, ಆರನೆಯ ನಂಬರಿನ ಕಬ್ಬಿಣದ ಕ್ಲಬ್‌ಗಳು ಅವಳ ಕೈಯಲ್ಲಿ ಚೆಂಡನ್ನು ಒಂದೇ ಜಾಗಕ್ಕೆ ಕಳಿಸಿದವು. ಹಾಗಿದ್ದಮೇಲೆ ಮೂರನ್ನೂ ಹೊರುವುದೇಕೆ, ಹೊಡೆಯಲು ಸುಲಭವಾದ ಆರು ಸಾಕು. ಏಳು, ಎಂಟು, ಒಂಬತ್ತು ಬೇರೆ ಬೇರೆ ದೂರಕ್ಕೆ ಕಳಿಸಿದ್ದರಿಂದ ಮೂರೂ ಉಳಿದವು. ಮರಳಿನ ಗುಂಡಿಯಿಂದ ಚೆಂಡು ಎತ್ತುವ ಗಿಡ್ಡ ಕ್ಲಬ್ಬೂ ಉಳಿಯಿತು. ಕುಳಿಗೆ ತಳ್ಳುವ ಪಟರ್ ಅಂತೂ ಬೇಕೇ ಬೇಕು. ಕೊನೆಗೆ ಡ್ರೈವರ್ ಮತ್ತು ಅದರ ಚಿಕ್ಕ ತಂಗಿಯಂಥ ಐದನೆಯ ನಂಬರಿನ ವುಡ್ ಎದುರಾದವು. ಡ್ರೈವರ್ ಹೊಡೆದ ಚೆಂಡು ಪೊದೆ ಹೊಕ್ಕಿತು. ಅದರದೇ ಎರಡನೆಯ ಚೆಂಡೂ ಅಲ್ಲಿಗೇ ಹೋಯಿತು. ವುಡ್ ಹೊಡೆದದ್ದು ದೂರ ಹೋಗದಿದ್ದರೂ ನೆಟ್ಟಗೆ ಹೋಯಿತು.

"ಇದು ಬೇಡ ಅತ್ತೆ" ಎಂದಳು ಸೊಸೆ, ಡ್ರೈವರ್ ಕೆಳಗಿಡುತ್ತ.

ಹೆಡ್‌ಮಿಸ್ ಪಿತ್ತ ನೆತ್ತಿಗೇರಿತು. ಕಾರಣವಿತ್ತು. ಈ ಸಲವೂ ಮೊದಲ ಹೊಡೆತ ನನ್ನ ಡ್ರೈವರ್‌ನದೇ ಎಂದು ಅವರು ಸಂಗೀತದ ಟೀಚರ ಮುಂದೆ ಆಗಲೇ ಕೊಚ್ಚಿಕೊಂಡಾಗಿತ್ತು. ಅದನ್ನು ಸೊಸೆಗೆ ಹೇಳಲು ಮಾನ ಅಡ್ಡ ಬಂತು. "ನಿನ್ನಿಷ್ಟ" ಎಂದು ಮುಖ ಊದಿಸಿಕೊಂಡು ಮನೆಗೆ ನಡೆದರು.

ಪಂದ್ಯದ ಬೆಳಿಗ್ಗೆ, ಸೊಸೆ ಸ್ನಾನಕ್ಕೆ ಹೋದದ್ದೇ ತಡ, ಹೆಡ್‌ಮಿಸ್ ಡ್ರೈವರ್‌ನ ತಲೆಗೆ ಟವೆಲ್ ಸುತ್ತಿ ಚೀಲಕ್ಕಿಳಿಸಿದರು. ವುಡ್ ತೆಗೆದಿಡಬೇಕು ಎನ್ನುವಷ್ಟರಲ್ಲಿ ಬಚ್ಚಲ ಬಾಗಿಲ ಸದ್ದಾಯಿತು. ಎದ್ದೆನೋ ಬಿದ್ದೆನೋ ಎಂದು ಅಡುಗೆಮನೆಗೆ ಓಡಿದವರು ವುಡ್ ಮಾತನ್ನು ಮರೆತೇಬಿಟ್ಟರು. ಜೀವಮಾನವಿಡೀ ಮಕ್ಕಳಿಗೆ ಲೆಕ್ಕ ಕಲಿಸಿದ ಹೆಂಗಸು, ಏಳಕ್ಕೆ ಒಂದು ಕೂಡಿದರೆ ಎಷ್ಟು ಎಂದು ಯೋಚಿಸಲಿಲ್ಲ.

ಆಟ ಶುರುವಾಗುವ ಜಾಗದಲ್ಲಿ ಕ್ಲಬ್‌ಗಳನ್ನು ಗಟ್ಟಿಯಾಗಿ ಎಣಿಸಿ ತೋರಿಸಬೇಕಿತ್ತು. ಸೊಸೆ ಒಂದೊಂದೇ ಮುಟ್ಟುತ್ತ ಎಣಿಸಿದಳು. ಏಳರ ಆಚೆ ಅವಳ ಬೆರಳು ಟವೆಲಿಗೆ ತಗಲಿತು. ಬಿಚ್ಚಿದಳು.

"ಎಂಟು" ಎಂದ ಮೇಲ್ವಿಚಾರಕ. "ಒಂದು ಹೊರಗೆ ತೆಗೀರಿ, ಇಲ್ಲಾಂದ್ರೆ ದಂಡ ಬೀಳುತ್ತೆ."

ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಹೆಡ್‌ಮಿಸ್‌ಗೆ. ಸೊಸೆ ಅತ್ತೆಯ ಮುಖ ನೋಡಿದಳು. ನೋಡಿದ್ದು ಒಂದೇ ಕ್ಷಣ, ಎಲ್ಲ ಅರ್ಥವಾಗಿತ್ತು. ಬೇಕಿದ್ದರೆ ವುಡ್ ತೆಗೆದು ಅತ್ತೆಯ ಮಾನ ಉಳಿಸಬಹುದಿತ್ತು. ಅವಳು ಡ್ರೈವರನ್ನೇ ಎಳೆದು ಎರಡೂ ಕೈಯಲ್ಲಿ ಚಾಚಿದಳು. "ನೀವೇ ಹಿಡ್ಕೊಂಡಿರಿ ಅತ್ತೆ. ನನ್ನ ಕೈಗೆ ಇನ್ನೂ ಇದು ಬಂದಿಲ್ಲ."

ಸುತ್ತ ನಿಂತಿದ್ದವರು ಮುಸಿಮುಸಿ ನಕ್ಕರು, ಸಂಗೀತದ ಟೀಚರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅವರ ತಂಗಿಯ ಮಗಳೂ ಪಂದ್ಯದಲ್ಲಿದ್ದಳು. ಅವಳು ಡ್ರೈವರ್ ಬೀಸಿದ ಹೊಡೆತಕ್ಕೆ ಚಪ್ಪಾಳೆಯೋ ಚಪ್ಪಾಳೆ. ಸೊಸೆಯ ವುಡ್ ಹೊಡೆತ ಅದರ ಅರ್ಧಕ್ಕೆ ಬಿತ್ತು, ಆದರೆ ಹುಲ್ಲಿನ ನಡುಮಧ್ಯೆ ಬಿತ್ತು.

ಹೆಡ್‌ಮಿಸ್ ಡ್ರೈವರನ್ನು ಊರುಗೋಲಿನಂತೆ ಊರುತ್ತ, ಬಾಯಿಗೆ ಬೀಗ ಜಡಿದುಕೊಂಡು ಹಿಂದೆ ನಡೆದರು. ಮೊದಲೆರಡು ಕುಳಿ ಮುಗಿಯುವವರೆಗೂ ಒಳಗೆ ಕುದಿಯುತ್ತಿದ್ದರು. ಆಮೇಲೆ ಕುದಿಯುವುದನ್ನು ಬಿಟ್ಟು ನೋಡತೊಡಗಿದರು. ತಂಗಿಯ ಮಗಳು ಒಂದು ಚೆಂಡನ್ನು ಮರದಲ್ಲೂ ಇನ್ನೊಂದನ್ನು ಬೇಲಿಯಾಚೆಗೂ ಕಳೆದುಕೊಂಡಿದ್ದಳು. ಸೊಸೆಯದು ಅದೇ ಒಂದೇ ಚೆಂಡು, ನಡುಮಧ್ಯದಲ್ಲಿ.

ಕೊಳದ ಕುಳಿ ಬಂತು. ನೀರಿನಾಚೆ ಬಾವುಟ ಕಾಣುತ್ತಿತ್ತು. ಹೆಡ್‌ಮಿಸ್ ಆ ಕೊಳವನ್ನು ಯಾವತ್ತೂ ನೇರವಾಗಿಯೇ ದಾಟಲು ಹೋದವರು. ಅವರ ಎಷ್ಟೋ ಚೆಂಡುಗಳು ಇನ್ನೂ ಅದರ ತಳದಲ್ಲಿವೆ. ಸೊಸೆ ಒಂದು ಕೈಯಲ್ಲಿ ವುಡ್, ಇನ್ನೊಂದರಲ್ಲಿ ಒಂಬತ್ತನೆಯ ನಂಬರಿನ ಕಬ್ಬಿಣ ಹಿಡಿದು ನಿಂತಳು. ಅವಳ ತುಟಿ ಅಲುಗಿತು. ಇದಾ, ಅದಾ? ವುಡ್ ಚೀಲಕ್ಕೆ ಹೋಯಿತು. ದಡದ ಪಕ್ಕಕ್ಕೊಂದು ಸಣ್ಣ ಹೊಡೆತ, ಅಲ್ಲಿಂದ ಆಚೆಗೆ ಇನ್ನೊಂದು. ಚೆಂಡು ಬಾವುಟದ ಹತ್ತಿರ ಹೋಗಿ ಕೂತಿತು.

ಯಾರ ಮಾತಿಗೂ ಬಗ್ಗದೆ, ಇಷ್ಟು ಜನರ ನಗುವಿಗೂ ಬೆದರದೆ, ತನಗೆ ಬರುವುದನ್ನೇ ಆಡಲು ಎಷ್ಟು ಧೈರ್ಯ ಬೇಕು! ಈ ಹುಡುಗಿ ನನ್ನ ಮನೆಯವಳು ಎಂದು ಹೆಡ್‌ಮಿಸ್‌ಗೆ ಕೂಗಿ ಹೇಳಬೇಕೆನಿಸಿತು. ಬಾಯಿ ಬಿಡುವ ಹಾಗಿರಲಿಲ್ಲ.

ಸೊಸೆ ಎರಡನೆಯವಳಾದಳು. ಗೆದ್ದವಳಿಗಿಂತ ಒಂದೇ ಹೊಡೆತ ಹಿಂದೆ. ತಂಗಿಯ ಮಗಳು ಎಲ್ಲೋ ಕೆಳಗಿದ್ದಳು. ಸಂಗೀತದ ಟೀಚರು ದೊಡ್ಡ ಮನಸ್ಸು ಮಾಡಿ ಹೆಡ್‌ಮಿಸ್ ಹತ್ತಿರ ಬಂದರು.

"ಕ್ಲಬ್ ಆರಿಸಿದ್ದು ನೀನೇ ತಾನೇ? ಹಳೇ ಕೈ, ನೋಡಿದ್ರೇ ಗೊತ್ತಾಗುತ್ತೆ ಬಿಡು. ಆ ಎಂಟನೇದನ್ನ ಪಾಪ, ಈ ಹುಡುಗಿ ಮರೆತು ಹಾಕ್ಕೊಂಡು ಬಂದಿರಬೇಕು."

"ಹೌದು, ಅತ್ತೇನೇ ಆರಿಸಿ..." ಎಂದು ಸೊಸೆ ಶುರುಮಾಡಿದಳು.

"ನೀನು ಸುಮ್ನಿರೇ!" ಹೆಡ್‌ಮಿಸ್ ದನಿಗೆ ಆಚೆ ಕೂತವರೂ ತಿರುಗಿ ನೋಡಿದರು. "ಆರಿಸಿದ್ದು ಇವಳು. ಏಳಕ್ಕೆ ಏಳೂ ಇವಳೇ. ಕದ್ದು ಎಂಟನೇದು ತುರುಕಿದ್ದು ನಾನು. ನನ್ನ ಮಾತು ಕೇಳಿದ್ದಿದ್ರೆ ಇವಳೂ ಇಷ್ಟೊತ್ತಿಗೆ ಪೊದೇಲಿ ಚೆಂಡು ಹುಡುಕ್ತಾ ಇರ್ತಿದ್ಳು. ತಪ್ಪು ನಂದು ಕಣೇ."

ಸಂಗೀತದ ಟೀಚರು ಹೆಡ್‌ಮಿಸ್ ಮುಖವನ್ನೇ ದಿಟ್ಟಿಸಿದರು. ಅಷ್ಟು ವರ್ಷದ ಸ್ನೇಹದಲ್ಲಿ ತಪ್ಪು ನನ್ನದು ಎಂಬ ಮಾತು ಆ ಬಾಯಿಂದ ಬಂದದ್ದೇ ಇಲ್ಲ. ಹೇಳಿದವರ ಮುಖದಲ್ಲಿ ಒಂದಿಷ್ಟಾದರೂ ನಾಚಿಕೆ ಇತ್ತೇ ಎಂದರೆ, ಅದೂ ಇಲ್ಲ. ಕಪ್ ಗೆದ್ದ ದಿನಗಳಲ್ಲೂ ಹೆಡ್‌ಮಿಸ್ ಅಷ್ಟು ಎದೆಯುಬ್ಬಿಸಿ ನಿಂತಿರಲಿಲ್ಲ.